ಬಾಯಿಗೊಬ್ಬ ವೈದ್ಯ, ಎದೆಗೊಬ್ಬ ವೈದ್ಯ

ಹೈದರಾಬಾದಿನಲ್ಲಿ ಹಲ್ಲಿನ ಸರ್ಕಾರಿ ಆಸ್ಪತ್ರೆ ಇರುವುದು ಅಫ್ಜಲ್‌ಗಂಜ್‌ನಲ್ಲಿ, ಎದೆರೋಗದ್ದು ಎರ್ರಗಡ್ಡದಲ್ಲಿ. ನಡುವೆ ಇಡೀ ಊರೇ ಇದೆ. ರೋಗಿಯ ಬಾಯಿಗೂ ಶ್ವಾಸಕೋಶಕ್ಕೂ ಅಷ್ಟು ದೂರವಿಲ್ಲ. ಕಟ್ಟಿಸಿದ ಹಲ್ಲಿನ ಆರೈಕೆಯಲ್ಲಿ ನಮ್ಮ ಚಿಕಿತ್ಸಾ ಪದ್ಧತಿ ಎಲ್ಲ ಕಡೆಯೂ ಸೋಲುವುದು ಈ ಪುಟ್ಟ ದಾರಿಯಲ್ಲೇ.

ಹಲ್ಲಿನ ಸೆಟ್ ಕೂರಿಸುವ ಕೆಲಸವೇನೋ ಶ್ರದ್ಧೆಯಿಂದ ನಡೆಯುತ್ತದೆ. ಅಳತೆ ತೆಗೆಯುತ್ತಾರೆ, ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುತ್ತಾರೆ, ಚುಚ್ಚುವ ಕಡೆ ಉಜ್ಜಿ ಕೊಡುತ್ತಾರೆ. ಆರೈಕೆಯ ಪಾಠ ಮಾತ್ರ ಬಹಳ ಸಲ ‘ರಾತ್ರಿ ತೆಗೆದು ನೀರಲ್ಲಿಡಿ’ ಎಂಬಷ್ಟಕ್ಕೇ ಮುಗಿಯುತ್ತದೆ. ಏಕೆ ಎಂದು ಹೇಳದ ಮಾತು ಉಳಿಯುವುದಿಲ್ಲ. ಮೊಮ್ಮಕ್ಕಳೆದುರು ಬೊಚ್ಚು ಬಾಯಿ ತೋರಿಸಲು ನಾಚಿ ಅಜ್ಜ ಸೆಟ್ ಹಾಕಿಕೊಂಡೇ ಮಲಗುತ್ತಾರೆ.

ಮೇಲಿನ ಸೆಟ್ಟನ್ನು ತಿರುಗಿಸಿ ಬೆರಳಾಡಿಸಿ ನೋಡಿ. ಹೊರಮೈ ನುಣುಪು; ಅಂಗುಳಕ್ಕೆ ಕೂರುವ ಒಳಮೈಗೆ ಪಾಲಿಶ್ ಇರುವುದಿಲ್ಲ, ಹಾಕಿದರೆ ಅಳತೆ ಕೆಡುತ್ತದೆ. ಆ ತರಿತರಿಯಲ್ಲಿ ಕ್ಯಾಂಡಿಡಾ ಶಿಲೀಂಧ್ರವೂ ಬ್ಯಾಕ್ಟೀರಿಯಾಗಳೂ ಲೋಳೆಯಂತೆ ಪದರ ಕಟ್ಟುತ್ತವೆ. ಮುಕ್ಕಳಿಸಿದರೆ ಹೋಗದು, ಉಜ್ಜಲೇಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಕಡಿಮೆ. ಪಾರ್ಶ್ವವಾಯು ಆದವರಲ್ಲಿ, ತೀರಾ ವಯಸ್ಸಾದವರಲ್ಲಿ ಬಾಯಿಯ ದ್ರವ ಆ ಸೂಕ್ಷ್ಮಾಣುಗಳ ಸಮೇತ, ಕೆಮ್ಮೂ ಬರದಂತೆ ಶ್ವಾಸನಾಳಕ್ಕೆ ಜಾರಬಹುದು.

ಟೋಕಿಯೊದಲ್ಲಿ 85 ದಾಟಿದ 524 ಮಂದಿಯನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಮುಖ್ಯವೆನಿಸುತ್ತದೆ. ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಅವರ ನಾಲಿಗೆಯ ಮೇಲೂ ಸೆಟ್ಟಿನ ಮೇಲೂ ಕೊಳೆ ಹೆಚ್ಚಿತ್ತು. ಹಾಗಾಗಿ ದೋಷ ರಾತ್ರಿ ಹಾಕುವುದರದ್ದೋ, ತೊಳೆಯದಿರುವುದರದ್ದೋ ಎಂದು ಪೂರ್ತಿ ಬಿಡಿಸಿ ಹೇಳಲಾಗದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಊಟವಾದ ಮೇಲೆಲ್ಲ ಸಿಬ್ಬಂದಿಯೇ ಬಾಯಿ ಶುಚಿ ಮಾಡಿದಾಗ ನ್ಯುಮೋನಿಯಾ ಇಳಿಯಿತೆಂದು 2002ರ ಪ್ರಯೋಗ ತೋರಿಸಿತು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಡೆದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಅಂಥ ಫಲ ಸಿಗಲಿಲ್ಲ. ಆದರೂ ರಾತ್ರಿ ಸೆಟ್ ತೆಗೆದು ತೊಳೆದಿಡುವಂಥ ಖರ್ಚಿಲ್ಲದ, ಕೇಡಿಲ್ಲದ ಕೆಲಸಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬರಲಿ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ.

ಮನೆಗಿಂತ ಹೆಚ್ಚು ಸಂಕಟವಾಗುವುದು ವಾರ್ಡು ನೋಡಿದಾಗ. ಆಪರೇಷನ್ನಿಗೆ ಒಯ್ಯುವಾಗ ‘ಹಲ್ಲು ಸೆಟ್ ಇದ್ದರೆ ತೆಗೀರಿ’ ಎಂದು ತಪ್ಪದೆ ಹೇಳುತ್ತಾರೆ. ಅದೇ ರೋಗಿ ವಾರಗಟ್ಟಲೆ ಮಲಗಿದ್ದಾಗ ಸೆಟ್ ತೊಳೆದವರು ಯಾರು ಎಂಬುದಕ್ಕೆ ಕೇಸ್ ಶೀಟಿನಲ್ಲಿ ಜಾಗವೇ ಇರುವುದಿಲ್ಲ. ಜೊತೆಗಿರುವ ಮಗಳು ಕರವಸ್ತ್ರದಲ್ಲಿ ಸುತ್ತಿ ದಿಂಬಿನಡಿ ಇಡುತ್ತಾಳೆ. ಒಣಗಿದ್ದು ಊಟದ ಹೊತ್ತಿಗೆ ಹಾಗೇ ಬಾಯಿಗೆ ಹೋಗುತ್ತದೆ. ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ: ಗೀರು ಬೀಳುವುದರಿಂದ ಟೂತ್‌ಪೇಸ್ಟ್ ಬೇಡ, ಸೊಟ್ಟಗಾಗುವುದರಿಂದ ಕುದಿಯುವ ನೀರೂ ಬೇಡ, ಮೃದು ಬ್ರಷ್, ಪಾತ್ರೆ ತೊಳೆಯುವ ಸೋಪಿನ ದ್ರವ ಸಾಕು, ಜಾರಿ ಬಿದ್ದರೆ ಒಡೆಯದಂತೆ ಕೆಳಗೆ ನೀರು ತುಂಬಿದ ಬೋಗುಣಿ ಇರಲಿ, ಬಾಯಿಗೆ ಹಾಕುವ ಮುನ್ನ ಚೆನ್ನಾಗಿ ತೊಳೆಯಬೇಕು. ಇದನ್ನು ಹೇಳಿಕೊಡುವುದು ನರ್ಸಿನ ಕೆಲಸವೆಂದು ದಂತವೈದ್ಯರು, ದಂತವೈದ್ಯರದ್ದೆಂದು ಎದೆಯ ಡಾಕ್ಟರು ಬಿಟ್ಟುಬಿಟ್ಟಿದ್ದಾರೆ. ದಾಖಲಾತಿಯ ಹಾಳೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿಯ ಕೆಳಗೆ ಕಟ್ಟಿಸಿದ ಹಲ್ಲಿಗೂ ಒಂದು ಸಾಲು, ಹಾಸಿಗೆ ಪಕ್ಕ ರೋಗಿಯ ಹೆಸರು ಬರೆದ ಮುಚ್ಚಳದ ಡಬ್ಬಿ, ಪಾಳಿ ಬದಲಾಗುವಾಗ ಅದರ ವಿಚಾರಣೆ: ಇವನ್ನು ನಾಳೆಯಿಂದಲೇ ಶುರು ಮಾಡಬಹುದು.