ಕಲಾಯಿ ಹಾಕಿಸಿದ ರಿವಾಲ್ವರ್

ಮೊದಲೇ ಹೇಳಿಬಿಡ್ತೀನಿ, ನನಗೆ ಬಂದೂಕಿನ ಹುಚ್ಚಿಲ್ಲ. ಊರಲ್ಲಿ ದೊಡ್ಡಪ್ಪನ ಹತ್ತಿರ ಕಾಡುಹಂದಿ ಓಡಿಸೋಕೆ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಎಲೆಕ್ಷನ್ ಬಂತು ಅಂದ್ರೆ ಅದನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸೋದು, ಎಲೆಕ್ಷನ್ ಮುಗಿದ ಮೇಲೆ ಸಹಿ ಹಾಕಿ ವಾಪಸ್ ತರೋದು. ನನ್ನ ಶಸ್ತ್ರಜ್ಞಾನ ಅಷ್ಟಕ್ಕೇ ಮುಗಿಯಿತು.

ಹಾಗಿದ್ದವನು ಆನ್‌ಸೈಟ್ ಅಂತ ಡಲ್ಲಾಸಿಗೆ ಹೋದಾಗ ಒಂದು ಶನಿವಾರ ಪೂರ್ತಿ ಹಳೇ ರಿವಾಲ್ವರ್‌ಗಳ ಮಧ್ಯೆ ಕಳೆದೆ. ಕರೆದುಕೊಂಡು ಹೋದವನು ನನ್ನ ಟೀಮಿನ ಹಿರಿಯ, ಐವತ್ತು ದಾಟಿದ ಅಮೆರಿಕನ್. ಅವನ ಅಪ್ಪ ಒಂದು ಸಣ್ಣ ಪಟ್ಟಣದಲ್ಲಿ ಪೊಲೀಸ್ ಆಗಿದ್ದವರು. ಸೊಂಟದಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ .38 ರಿವಾಲ್ವರ್. 1899ರಲ್ಲಿ ಮಿಲಿಟರಿ ಅಂಡ್ ಪೊಲೀಸ್ ಅಂತ ಶುರುವಾಗಿ, 1957ರಿಂದ ಮಾಡೆಲ್ 10 ಅಂತ ಕರೆಸಿಕೊಂಡ ಮಾಲು ಅದು. ಬಂದೂಕು ಇಲಾಖೆಯದ್ದಾದ್ದರಿಂದ ರಿಟೈರ್ ಆದ ದಿನ ಒಪ್ಪಿಸಿ ಬಂದರಂತೆ. ಅಪ್ಪ ಹೋದ ಮೇಲೆ ಮಗನಿಗೆ ಉಳಿದದ್ದು ಚರ್ಮದ ಹೋಲ್‌ಸ್ಟರ್ ಒಂದೇ. ಅದರೊಳಗೆ ಇಡೋಕೆ ಅಂಥದ್ದೇ ಒಂದು ಬೇಕು ಅನ್ನೋದು ಅವನ ಆಸೆ. ನನ್ನ ವೀಸಾದವರು ಅಲ್ಲಿ ಸಾಮಾನ್ಯವಾಗಿ ಬಂದೂಕು ಕೊಳ್ಳುವ ಹಾಗಿಲ್ಲ, ಆದ್ದರಿಂದ ನಾನು ಬರೀ ಜೊತೆಗಾರ.

ಅಲ್ಲಿ ಪದೇ ಪದೇ ಕಿವಿಗೆ ಬಿದ್ದ ಶಬ್ದ 'ರೀಫಿನಿಶ್'. ಕಂಪನಿ ಕೊಟ್ಟ ಮೇಲ್ಮೈ ಹೋಗಿ, ಆಮೇಲೆ ಯಾರೋ ಹೊಸದು ಹಾಕಿಸಿದ್ದಾರೆ ಅಂತ ಅರ್ಥ. ಅದನ್ನು ಹೇಳುವ ದನಿ ಹೇಗಿರುತ್ತೆ ಗೊತ್ತಾ? ನಮ್ಮ ಕಡೆ ಹೆಣ್ಣು ನೋಡಿ ಬಂದವರು ಅಡುಗೆಮನೆಯಲ್ಲಿ ನಿಂತು ಗುಸುಗುಸು ಮಾತಾಡ್ತಾರಲ್ಲ, ಹಾಗೆ. ವ್ಯಾಪಾರಿಗಳ ಬಾಯಿಲೆಕ್ಕದಲ್ಲಿ ರೀಫಿನಿಶ್ ಅಂದರೆ ಬೆಲೆ ಸುಮಾರು ಅರ್ಧ.

ಈ ಲೆಕ್ಕದ ಹಿಂದೆ ಒಂದು ದೊಡ್ಡ ಶಾಸ್ತ್ರವೇ ಇದೆ. ಅಲ್ಲಿನವರು ಮೇಜಿನ ಮೇಲೆ ಇಟ್ಟುಕೊಂಡಿರುವ ಬೆಲೆಪಟ್ಟಿಯ ಹೆಸರು ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್, ಇಟ್ಟಿಗೆಯಷ್ಟು ದಪ್ಪ. ಒಂದೊಂದು ಮಾಡೆಲ್ಲಿನ ಮುಂದೆ 100%, 98%, 95%, 90% ಅಂತ ಸಾಲುಗಳು. ಮೂಲ ಮೇಲ್ಮೈ ಎಷ್ಟು ಉಳಿದಿದೆ ಅನ್ನೋದರ ಅಳತೆ ಅದು. ಶ್ರದ್ಧೆಯಿಂದ ಮಾಡಿದ ಕೆಲಸ, ಮೋಸದವರಿಂದ ಎಷ್ಟೋ ಜನರನ್ನು ಕಾಪಾಡಿರಬೇಕು. ಆದರೂ ಒಂದು ವಿಚಿತ್ರ ನೋಡಿ. ಬೀರುವಿನೊಳಗೆ ಸಾಕ್ಸ್‌ನಲ್ಲಿ ಸುತ್ತಿಟ್ಟು ನಲವತ್ತು ವರ್ಷ ಮುಟ್ಟದೇ ಇದ್ದ ರಿವಾಲ್ವರ್ 98%. ದಿನಾ ಹೋಲ್‌ಸ್ಟರಿಗೆ ಹೋಗಿ ಬಂದು, ಮೂತಿಯ ಹತ್ತಿರ ನೀಲಿ ಸವೆದು ಬೆಳ್ಳಗಾದದ್ದು 80%. ಯಾವ ಕೆಲಸಕ್ಕೆ ಹುಟ್ಟಿತೋ ಅದನ್ನು ಮಾಡಿದ ಬಂದೂಕಿಗೆ ಕಡಿಮೆ ಮಾರ್ಕ್ಸು. ನಮ್ಮ ಕಂಪನಿಯ ಅಪ್ರೈಸಲ್ ನೆನಪಾಯಿತು, ಇರಲಿ.

ಇನ್ನು ಆ 'ಮೂಲ' ಅನ್ನೋದಾದರೂ ಏನು? ಬಂದೂಕಿನ ನೀಲಿ ಬಣ್ಣ ನಿಜವಾಗಿ ಬಣ್ಣವೇ ಅಲ್ಲ, ಹದ್ದುಬಸ್ತಿನಲ್ಲಿಟ್ಟ ತುಕ್ಕು. ಚೆನ್ನಾಗಿ ಉಜ್ಜಿ ಹೊಳಪು ಕೊಟ್ಟ ಉಕ್ಕನ್ನು ಕಾಸ್ಟಿಕ್ ಸೋಡಾ, ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿ ಸುಮಾರು 140 ಡಿಗ್ರಿಗೆ ಕಾಯಿಸಿದ ದ್ರಾವಣದಲ್ಲಿ ಅದ್ದುತ್ತಾರೆ. ಮೇಲೊಂದು ತೆಳ್ಳಗಿನ ಕಪ್ಪು ಆಕ್ಸೈಡ್ ಪದರ ಬೆಳೆಯುತ್ತೆ. ಅದು ಕೆಟ್ಟ ತುಕ್ಕನ್ನು ಸ್ವಲ್ಪ ಕಾಲ ತಡೆಯುತ್ತೆ, ಬೆವರು ತಾಗಿದರೆ ಹೋಗುತ್ತೆ. ಹೋಗಲಿ ಅಂತಲೇ ಇರೋ ಪದರ ಅದು. ಅದು ಹೋದ ಮೇಲೆ ಇನ್ನೊಂದು ಸಲ ಹಾಕಿಸಿದರೆ ಯಾವ ಪಾಪ?

ಕಲಾಯಿಯವನ ನೆನಪಾದದ್ದು ಇಲ್ಲೇ. ಸುಗ್ಗಿ ಮುಗಿದ ಮೇಲೆ ತಿದಿ ಹೊತ್ತುಕೊಂಡು ಬರೋನು. ಅರಳಿಕಟ್ಟೆ ಪಕ್ಕ ಗುಂಡಿ ತೋಡಿ ಇದ್ದಿಲು ಉರಿಸಿ, ಹಿತ್ತಾಳೆ ಪಾತ್ರೆ ಕಾಯಿಸಿ, ಒಳಗೆ ನವಸಾಗರ ಉದುರಿಸಿ, ತವರ ಮುಟ್ಟಿಸಿ ಬಟ್ಟೆಯಲ್ಲಿ ಒಂದು ಸುತ್ತು ತಿರುವಿದರೆ ಪಾತ್ರೆಯೊಳಗೆ ಬೆಳದಿಂಗಳು. ಅಜ್ಜಿಯ ತಪ್ಪಲೆಗೆ ಎಷ್ಟು ಸಲ ಕಲಾಯಿ ಆಗಿತ್ತೋ ಲೆಕ್ಕ ಇಟ್ಟವರಿಲ್ಲ. ಅದು ಅಜ್ಜಿಯ ತಪ್ಪಲೆ ಅನ್ನೋದಕ್ಕೆ ಯಾರ ತಕರಾರೂ ಇರಲಿಲ್ಲ. ಇದನ್ನು ಕಾರಿನಲ್ಲಿ ಗೆಳೆಯನಿಗೆ ಹೇಳಿ, ರೀಫಿನಿಶ್ ಅಂದರೆ ಹೆದರಬೇಡ ಮಾರಾಯ ಅಂತ ಧೈರ್ಯ ಕೊಟ್ಟಿದ್ದೆ. ಅರ್ಧ ತಿಳಿದವನ ಧೈರ್ಯ.

ಎರಡನೇ ಸಾಲಿನಲ್ಲಿ ಒಂದು ರಿವಾಲ್ವರ್ ಸಿಕ್ಕಿತು. ಕನ್ನಡಿಯ ಹಾಗೆ ಹೊಳೆಯುವ ನಿಕ್ಕಲ್, ನಾಲ್ಕಿಂಚಿನ ನಳಿಗೆ, ಕೈಗೆಟುಕುವ ಬೆಲೆ. 'ಬಣ್ಣ ಒರಿಜಿನಲ್ ಅಲ್ಲ, ಉಳಿದದ್ದೆಲ್ಲ ಗಟ್ಟಿ' ಅಂದ ಮೇಜಿನವನು. ಸುಳ್ಳು ಅನ್ನೋ ಹಾಗಿಲ್ಲ. ಗೆಳೆಯ ಪರ್ಸಿಗೆ ಕೈ ಹಾಕಿದ್ದ. ಪಕ್ಕದ ಮೇಜಿನ ಮುದುಕರೊಬ್ಬರು ಕನ್ನಡಕ ಮೇಲೆತ್ತಿ, ಒಂದು ನಿಮಿಷ ಕೊಡಿ ಇಲ್ಲಿ ಅಂದರು.

ಅವರು ಮೊದಲು ತೋರಿಸಿದ್ದು ಹ್ಯಾಮರ್ ಮತ್ತು ಟ್ರಿಗರ್. ಎರಡೂ ನಿಕ್ಕಲ್. ಕಂಪನಿ ತಾನೇ ನಿಕ್ಕಲ್ ಮಾಡಿ ಕಳಿಸಿದ ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಇವೆರಡಕ್ಕೆ ನಿಕ್ಕಲ್ ಹಾಕುತ್ತಿರಲಿಲ್ಲ, ಹದ ಕೊಟ್ಟ ಉಕ್ಕಿನ ಕಂದು-ನೀಲಿ ಛಾಯೆ ಹಾಗೇ ಇರುತ್ತಿತ್ತು. ಆಮೇಲೆ ಬಲಗಡೆಯ ಮುಚ್ಚಳದ ತಗಡು. ಕಂಪನಿಯಿಂದ ಬಂದಾಗ ಅದರ ಅಂಚು ಕೂದಲೆಳೆಯಷ್ಟೂ ಕಾಣಲ್ಲ. ಇದರಲ್ಲಿ ಉಗುರಿಗೆ ಸಿಗುತ್ತಿತ್ತು. ಸ್ಕ್ರೂ ತೂತುಗಳ ಬಾಯಿ ಬಟ್ಟಲಿನ ಹಾಗೆ ತಗ್ಗಾಗಿತ್ತು. ನಳಿಗೆಯ ಮೇಲಿನ ಅಕ್ಷರಗಳಂತೂ ಮಳೆಯಲ್ಲಿ ನೆಂದ ಪೋಸ್ಟರು. ನಿಕ್ಕಲ್ ಹಾಕುವ ಮೊದಲು ಯಾರೋ ಸಾಣೆಗಾಲಿಗೆ ಹಿಡಿದು ಚೆನ್ನಾಗಿ ಉಜ್ಜಿದ್ದರು.

ಹಿಡಿಯ ತಳದಲ್ಲಿ ಏನೋ ತುಂಬಿ ಮುಚ್ಚಿದ ತೂತಿನ ಗುರುತು, ಅದರ ಪಕ್ಕ ನಂಬರು, ನಂಬರಿನ ಮೊದಲು ಮಸುಕಾದ ಒಂದು 'ವಿ' ಅಕ್ಷರ. ಮುದುಕರು ಅಲ್ಲಿಗೆ ನಿಲ್ಲಿಸಿ ನಮ್ಮ ಮುಖ ನೋಡಿದರು. ವಿ ಅಂದರೆ ವಿಕ್ಟರಿ. ಎರಡನೇ ಮಹಾಯುದ್ಧದಲ್ಲಿ ಇದೇ ರಿವಾಲ್ವರನ್ನು ಹೊಳಪಿಲ್ಲದ ಬೂದು ಬಣ್ಣದಲ್ಲಿ ರಾಶಿ ರಾಶಿ ಮಾಡಿದರು. ತೂತು ಇದ್ದದ್ದು ಹಗ್ಗ ಕಟ್ಟುವ ಬಳೆಗೆ. ಲೆಂಡ್-ಲೀಸ್ ಯೋಜನೆಯಲ್ಲಿ ಬ್ರಿಟನ್ನಿಗೆ ಮತ್ತು ಅದರ ಜೊತೆಯ ದೇಶಗಳಿಗೆ ಐದು ಲಕ್ಷಕ್ಕೂ ಹೆಚ್ಚು ಹೋದವು. ಬ್ರಿಟಿಷರ ತೋಟಾ ಬೇರೆ, ಗಿಡ್ಡ ಮತ್ತು ಚೂರು ದಪ್ಪ. ಅಮೆರಿಕದ .38 ಸ್ಪೆಷಲ್ ಉದ್ದ, ಚೂರು ಸಣ್ಣ. ಯುದ್ಧ ಮುಗಿದ ಮೇಲೆ ಸರಕು ಅಗ್ಗಕ್ಕೆ ವಾಪಸ್ ಬಂತು. ಅಮೆರಿಕದಲ್ಲಿ ಸುಲಭಕ್ಕೆ ಸಿಗುವ ತೋಟಾ ಹಿಡಿಸಲಿ ಅಂತ ವ್ಯಾಪಾರಿಗಳು ಎಷ್ಟೋ ರಿವಾಲ್ವರ್‌ಗಳ ಸಿಲಿಂಡರ್ ತೂತನ್ನು ಆಳಕ್ಕೆ ಕೊರೆಸಿದರು, ಐದಿಂಚಿನ ನಳಿಗೆ ಕತ್ತರಿಸಿದರು, ಫಳಫಳ ನಿಕ್ಕಲ್ ಹಾಕಿಸಿ ಮಾರಿದರು.

ತೂತಿನ ಉದ್ದವನ್ನು ಕೊರೆದು ಹೆಚ್ಚಿಸಬಹುದು, ಅಗಲವನ್ನು ಕಡಿಮೆ ಮಾಡೋದು ಹೇಗೆ? ಬುಡದಲ್ಲಿ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಸಡಿಲ ಉಳಿಯುತ್ತೆ. ಗುಂಡು ಹಾರಿದಾಗ ಹಿತ್ತಾಳೆ ಕೋಶ ಆ ಸಡಿಲಕ್ಕೆ ಉಬ್ಬುತ್ತೆ, ಕೆಲವು ಸಲ ಸೀಳುತ್ತೆ. ಇದನ್ನೆಲ್ಲ ಹೇಳಬೇಕಾಗಿದ್ದ ಗುರುತುಗಳು ಆ ಬಂದೂಕಿನ ಮೈಮೇಲೇ ಇದ್ದವು. ಯಾವ ತೋಟಾ ಅಂತ ನಳಿಗೆಯ ಮೇಲೆ ಬರೆದಿತ್ತು, ಬ್ರಿಟಿಷರ ಪರೀಕ್ಷೆಯ ಮುದ್ರೆಗಳಿದ್ದವು, ಅಮೆರಿಕ ಸರ್ಕಾರದ ಸ್ವತ್ತು ಅಂತ ನೆತ್ತಿಯ ಮೇಲೆ ಕೊರೆದಿತ್ತು. ಸಾಣೆಗಾಲಿ ಎಲ್ಲವನ್ನೂ ಒರೆಸಿಹಾಕಿತ್ತು.

ನನ್ನ ಕಲಾಯಿ ಹೋಲಿಕೆಯ ತಪ್ಪು ನನಗೆ ಹೊಳೆದದ್ದು ಆಗ. ಕಲಾಯಿ ಪಾತ್ರೆಯ ಒಳಗೆ ಆಗುತ್ತಿತ್ತು. ಹೊರಗೆ ಕಂಠದ ಹತ್ತಿರ ಅಜ್ಜಿಯ ತವರಿನವರು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಹೆಸರನ್ನು ಕಲಾಯಿಯವನು ಮುಟ್ಟುತ್ತಿರಲಿಲ್ಲ. ಮುಟ್ಟಿದ್ದರೆ ಅಜ್ಜಿ ಅವನನ್ನು ಊರು ಬಿಡಿಸುತ್ತಿದ್ದರು.

ಆದ್ದರಿಂದ ನನ್ನ ತಕರಾರು ಎರಡೂ ಪಕ್ಷದ ಮೇಲಿದೆ. ಸಂಗ್ರಹಕಾರರು ಹೊಸ ಪದರ ಕಂಡ ತಕ್ಷಣ ಮೂಗು ಮುರಿಯುತ್ತಾರೆ. ಅವರ ಶೇಕಡಾ ಲೆಕ್ಕದಲ್ಲಿ ಹುಷಾರಾಗಿ ಮಾಡಿದ ರೀಫಿನಿಶ್ಶಿಗೂ ಕೊಲೆಗೂ ವ್ಯತ್ಯಾಸ ಕಾಣೋದು ಕಡಿಮೆ. ಇನ್ನೊಂದು ಕಡೆ 'ನಮಗೆ ಗುಂಡು ಹಾರಿದರೆ ಸಾಕು ಗುರು, ಬಣ್ಣ ಯಾವನಿಗೆ ಬೇಕು' ಅನ್ನೋರು. ಅವರಿಗೆ ಅರ್ಧ ಬೆಲೆಯ ಲಾಭ ಕಾಣುತ್ತೆ, ಹೊಳಪಿನ ಕೆಳಗೆ ತುಕ್ಕು ತಿಂದ ಗುಳಿ ಇದೆಯಾ, ಸಿಲಿಂಡರ್ ಯಾವ ತೋಟಾಕ್ಕೆ ಹುಟ್ಟಿದ್ದು ಅನ್ನೋದು ಕಾಣಲ್ಲ. ಬಣ್ಣ ಬೇಡ ಅನ್ನೋನೇ ಬಣ್ಣಕ್ಕೆ ಬೀಳೋದು ಜಾಸ್ತಿ. ಎರಡೂ ಗುಂಪಿನವರು ನೋಡುತ್ತಿರೋದು ತೊಗಲನ್ನು. ಅಕ್ಷರ ಚೂಪಾಗಿದೆಯಾ, ಅಂಚು ಅಂಚಾಗಿಯೇ ಇದೆಯಾ ಅಂತ ಕೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ಮಧ್ಯಾಹ್ನದ ಮೇಲೆ ಅದೇ ಮುದುಕರು ತಮ್ಮ ಮೇಜಿನ ಕೆಳಗಿನಿಂದ ಒಂದು ಮಾಡೆಲ್ 10 ತೆಗೆದರು. ನೀಲಿ ಹೊಸದು, ಕಣ್ಣಿಗೇ ಗೊತ್ತಾಗುತ್ತಿತ್ತು. ಅಕ್ಷರಗಳು ಮಾತ್ರ ಉಗುರಿಗೆ ಕಚ್ಚುವಷ್ಟು ಚೂಪು. ಹಿಡಿಯ ತಳದ ನಂಬರಿನ ಪಕ್ಕ ಒಂದು ಪುಟ್ಟ ನಕ್ಷತ್ರ. ಕಂಪನಿಗೇ ವಾಪಸ್ ಹೋಗಿ ರಿಪೇರಿಯಾಗಿ ಬಂದದ್ದಕ್ಕೆ ಅವರು ಹೊಡೆಯುತ್ತಿದ್ದ ಗುರುತದು. ಮರದ ಹಿಡಿ ಬಿಚ್ಚಿದರೆ ಒಳಗೆ ಹಾಗೆ ಹೋಗಿಬಂದ ತಿಂಗಳು, ವರ್ಷ ಪುಟ್ಟ ಅಂಕಿಗಳಲ್ಲಿ. ಮೇಲ್ಮೈ ಬದಲಾಯಿಸಿದವರು ಬದಲಾಯಿಸಿದ್ದೇವೆ ಅಂತ ಬಂದೂಕಿನ ಮೇಲೇ ಬರೆದಿಟ್ಟಿದ್ದಾರೆ. ಇದನ್ನು ಒರಿಜಿನಲ್ ಅನ್ನಬೇಕಾ ಬೇಡವಾ ಅಂತ ಆ ಹಾಲಿನಲ್ಲೇ ಇಬ್ಬರು ವಾದಕ್ಕೆ ನಿಂತರು. ನಾವು ನಿಲ್ಲಲಿಲ್ಲ. ಸಿಲಿಂಡರ್ ಅಲ್ಲಾಡಿಸಿ ನೋಡಿ, ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ, ರೀಫಿನಿಶ್ ಅನ್ನೋ ಕಾರಣಕ್ಕೇ ಇಳಿದಿದ್ದ ಬೆಲೆಗೆ ಗೆಳೆಯ ಒಪ್ಪಿಕೊಂಡ. ಫಾರ್ಮ್ 4473 ತುಂಬಿದ, ಪೂರ್ವಾಪರ ವಿಚಾರಣೆಯ ಉತ್ತರ ಬರುವ ತನಕ ಇಬ್ಬರೂ ಕಹಿ ಕಾಫಿ ಕುಡಿದೆವು.

ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು, ಖಾಲಿ ರಿವಾಲ್ವರನ್ನು ಅಪ್ಪನ ಹೋಲ್‌ಸ್ಟರಿಗೆ ಇಳಿಸಿದ. ಚರ್ಮ ಒಣಗಿ ಬಿಗಿಯಾಗಿತ್ತು, ಎರಡು ಸಲ ಒತ್ತಬೇಕಾಯಿತು. ಹೀಗೆ ಇಟ್ಟು ತೆಗೆದು ಮಾಡಿದರೆ ಮೂತಿಯ ಹತ್ತಿರ ಹೊಸ ನೀಲಿ ಉಜ್ಜಿಹೋಗುತ್ತೆ ಕಣಯ್ಯ ಅಂದೆ.

ಹೋಗಲಿ ಬಿಡು, ಅಪ್ಪಂದೂ ಅಲ್ಲೇ ಹೋಗಿತ್ತು ಅಂದ.