ಎಕರೆ ಬಿಡಿ, ಇಳಿಜಾರು ಅಳೆಯಿರಿ

ಟ್ರ್ಯಾಕ್ಟರ್ ಶೋರೂಮಿನಲ್ಲಿ ಕುರ್ಚಿ ಎಳೆದು ಕೂರುವ ಮೊದಲೇ ಬರುವ ಪ್ರಶ್ನೆ, 'ಎಷ್ಟು ಎಕರೆ ಇದೆ ಸಾರ್?' ದಾವಣಗೆರೆ, ಸಿಂಧನೂರು ಕಡೆಯ ಸಮತಟ್ಟು ಗದ್ದೆಗೆ ಆ ಪ್ರಶ್ನೆ ಸರಿಯೇ. ಎಕರೆ ಹೆಚ್ಚಿದಂತೆ ಎಚ್‌ಪಿ ಹೆಚ್ಚಬೇಕು, ಲೆಕ್ಕ ನೇರ. ಆದರೆ ಸಾಗರ, ಕೊಪ್ಪ, ಮೂಡಿಗೆರೆ, ಸೋಮವಾರಪೇಟೆ ಕಡೆಯಿಂದ ಹುಲ್ಲು ಹೊಡೆಯಲೆಂದೇ ಮಿನಿ ಟ್ರ್ಯಾಕ್ಟರ್ ಹುಡುಕಿಕೊಂಡು ಬಂದವರಿಗೆ ಎಕರೆಯ ಲೆಕ್ಕ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಐದು ಎಕರೆ ಬ್ಯಾಣ, ಅಂದರೆ ಹುಲ್ಲುಗಾವಲು, ಇದ್ದವರಿಗೂ ಹದಿನೈದು ಎಕರೆ ಇದ್ದವರಿಗೂ ಒಂದೇ ಟ್ರ್ಯಾಕ್ಟರ್ ಹೊಂದಬಹುದು. ಬೇಲಿ ಹಂಚಿಕೊಂಡ ಎರಡು ಜಮೀನಿಗೆ ಬೇರೆ ಬೇರೆ ಬೇಕಾಗಬಹುದು. ಅದನ್ನು ನಿರ್ಧರಿಸುವುದು ನೆಲದ ಓರೆ.

ಈ ಬೇಡಿಕೆ ಯಾಕೆ ಏರಿದೆ ಎಂದು ವಿವರಿಸಬೇಕಾಗಿಲ್ಲ. ಕಳೆ ಹೊಡೆಯಲು ಆಳು ಸಿಗುವುದಿಲ್ಲ. ಸಿಕ್ಕವರು ಹೆಗಲಿಗೆ ಬ್ರಷ್ ಕಟರ್ ನೇತುಹಾಕಿಕೊಂಡು ಬರುತ್ತಾರೆ, ದಿನಗೂಲಿಯ ಮೇಲೆ ಪೆಟ್ರೋಲು ಬೇರೆ. ಅಷ್ಟರಲ್ಲಿ ಮಳೆಗಾಲ ಮುಗಿಯುತ್ತ ಬಂದಿರುತ್ತದೆ, ಬ್ಯಾಣದ ಹುಲ್ಲು ಸೊಂಟದವರೆಗೆ ಎದ್ದಿರುತ್ತದೆ, ನಡುವೆ ಲಂಟಾನ, ಯುಪಟೋರಿಯಂ. ಹಾಗೇ ಬಿಟ್ಟರೆ ಫೆಬ್ರುವರಿಯಲ್ಲಿ ಬೆಂಕಿಯ ಭಯ. ಹಾಗಾಗಿ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಚ್ಚುವ ಸ್ಲ್ಯಾಷರ್ ಕಟ್ಟಿ ಹೊಡೆಯುವ ಆಸೆ ಸಹಜ.

ಶೋರೂಮಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಹತ್ತು ಅಡಿಯ ನೇರವಾದ ಪಿವಿಸಿ ಪೈಪು, ಗಾರೆಯವರ ರಸಮಟ್ಟ, ಒಂದು ಟೇಪು ತೆಗೆದುಕೊಂಡು ಜಮೀನಿನ ಅತಿ ಕಡಿದಾದ ಜಾಗಕ್ಕೆ ಹೋಗಿ. ಪೈಪಿನ ಒಂದು ತುದಿಯನ್ನು ಮೇಲುಭಾಗದ ನೆಲಕ್ಕೆ ಊರಿ, ಪೈಪನ್ನು ಮಟ್ಟಕ್ಕೆ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಇಳಿತ ಎಂದು ಅಳೆಯಿರಿ. ಒಂದು ಅಡಿ ಒಂಬತ್ತು ಅಂಗುಲ ಬಂದರೆ 10 ಡಿಗ್ರಿ. ಎರಡು ಅಡಿ ಎಂಟು ಅಂಗುಲ ಬಂದರೆ 15 ಡಿಗ್ರಿ. ಮೂರು ಅಡಿ ಎಂಟು ಅಂಗುಲ ಬಂದರೆ 20. ಕಣ್ಣಂದಾಜನ್ನು ನಂಬಬೇಡಿ. ದಿನಾ ಓಡಾಡುವ ನೆಲ ಯಾರಿಗೂ ಕಡಿದಾಗಿ ಕಾಣುವುದಿಲ್ಲ. ಹೀಗೆ ಹತ್ತಾರು ಕಡೆ ಅಳೆದು ಒಂದು ಕಚ್ಚಾ ನಕ್ಷೆ ಬರೆದುಕೊಂಡರೆ ಅರ್ಧ ತೀರ್ಮಾನ ಆದ ಹಾಗೆ. ನನ್ನ ನಿಯಮ ಇಷ್ಟು: 10 ಡಿಗ್ರಿಯವರೆಗೆ ಮಿನಿ ಟ್ರ್ಯಾಕ್ಟರಿಗೆ ನಿರಾಳವಾದ ಜಾಗ, 10ರಿಂದ 15ರವರೆಗೆ ಫೋರ್‌ವೀಲ್ ಡ್ರೈವ್ ಇದ್ದರೆ ಮಾತ್ರ, ಅದೂ ನೇರ ಮೇಲಕ್ಕೆ ಮತ್ತು ನೇರ ಕೆಳಕ್ಕೆ, ಅಡ್ಡ ಹೊಡೆಯುವಂತಿಲ್ಲ, 15 ದಾಟಿದ ಜಾಗ ಬ್ರಷ್ ಕಟರಿನದು. ಹುಲ್ಲು ಒದ್ದೆಯಾಗಿದ್ದರೆ ಈ ಮಿತಿಯನ್ನೂ ಕೆಳಗಿಳಿಸಬೇಕು.

ಈಗ ಎಚ್‌ಪಿ ವಿಷಯ. ಬಾನೆಟ್ಟಿನ ಮೇಲೆ ಬರೆದಿರುವುದು ಎಂಜಿನ್ ಶಕ್ತಿ. ಸ್ಲ್ಯಾಷರ್ ತಿರುಗುವುದು ಹಿಂದಿನ ಪಿಟಿಒ ಶಾಫ್ಟಿನಿಂದ, ನಿಮಿಷಕ್ಕೆ 540 ಸುತ್ತಿನಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಸೋರಿರುತ್ತದೆ, ಕೆಲವು ಸಣ್ಣ ಮಾದರಿಗಳಲ್ಲಿ ಇನ್ನೂ ಹೆಚ್ಚು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಅದರ ವರದಿಯಲ್ಲಿ ಪಿಟಿಒ ಶಕ್ತಿ, ತೂಕ, ತಿರುಗಲು ಬೇಕಾದ ಜಾಗ ಎಲ್ಲವೂ ಇರುತ್ತವೆ. ಬಣ್ಣದ ಕರಪತ್ರ ಪಕ್ಕಕ್ಕಿಟ್ಟು ಆ ವರದಿ ಕೇಳಿ. ಮಡಿಕೇರಿಯಂಥ ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ಟರ್ಬೊ ಇಲ್ಲದ ಎಂಜಿನ್ ನೂರಕ್ಕೆ ಸುಮಾರು ಹತ್ತು ಪಾಲು ಕಳೆದುಕೊಳ್ಳುತ್ತದೆ ಎಂಬುದೂ ನೆನಪಿರಲಿ.

ದಪ್ಪ ಹುಲ್ಲು, ಬೆರಳು ಗಾತ್ರದ ಗಿಡ ಕೊಚ್ಚಲು ಸ್ಲ್ಯಾಷರಿನ ಪ್ರತಿ ಅಡಿ ಅಗಲಕ್ಕೆ ನಾಲ್ಕರಿಂದ ಐದು ಎಚ್‌ಪಿ ಬೇಕು. ಏರುವ ಖರ್ಚು ಬೇರೆ. ಟ್ರ್ಯಾಕ್ಟರ್, ಸ್ಲ್ಯಾಷರ್, ಚಾಲಕ ಸೇರಿ 1,200 ಕಿಲೋ ಎಂದಿಟ್ಟುಕೊಳ್ಳಿ. ಇಷ್ಟನ್ನು 15 ಡಿಗ್ರಿಯಲ್ಲಿ ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಮೇಲಕ್ಕೆ ಒಯ್ಯಲು ಚಕ್ರದ ಎಳೆತ, ಗೇರಿನ ನಷ್ಟ ಎಲ್ಲ ಸೇರಿ ಐದು ಎಚ್‌ಪಿ ಆಸುಪಾಸು ಹೋಗುತ್ತದೆ. 24 ಎಚ್‌ಪಿ ಟ್ರ್ಯಾಕ್ಟರಿನ ಪಿಟಿಒದಲ್ಲಿ 21 ಸಿಕ್ಕಿತು ಎನ್ನಿ; ಏರಲು ಐದು ಕಳೆದರೆ ಉಳಿದದ್ದು 16, ನಾಲ್ಕಡಿ ಸ್ಲ್ಯಾಷರಿಗೆ ಹದವಾಗಿ ಸಾಕು. 15 ಎಚ್‌ಪಿಯದ್ದಾದರೆ ಮೂರಡಿಗಿಂತ ಹೆಚ್ಚು ಅಗಲ ಕಟ್ಟಿದರೆ ಏರಿನಲ್ಲಿ ಉಸಿರು ಕಟ್ಟುತ್ತದೆ. 'ಹಾಗಾದರೆ 40 ಎಚ್‌ಪಿ ತಗೊಳ್ಳೋಣ' ಎನ್ನುವವರು ಇದ್ದೇ ಇದ್ದಾರೆ. ಅದಕ್ಕೆ ತಕ್ಕ ಸ್ಲ್ಯಾಷರ್ ಸೇರಿದರೆ ತೂಕ 2,300 ಕಿಲೋ ಮುಟ್ಟುತ್ತದೆ, ತನ್ನನ್ನು ತಾನು ಹೊತ್ತು ಏರುವುದಕ್ಕೇ ಹತ್ತು ಎಚ್‌ಪಿ ಬೇಕು. ಆ ಭಾರ ಒದ್ದೆ ನೆಲದಲ್ಲಿ ಜಾರತೊಡಗಿದರೆ ತಡೆಯುವುದು ಇನ್ನೂ ಕಷ್ಟ.

ಅಗಲದ ಲಾಭವೂ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ, ತಿರುವಿಗೆ, ಅಡೆತಡೆಗೆ ಸಮಯ ಬಿಟ್ಟು ಲೆಕ್ಕ ಹಾಕಿದರೆ ನಾಲ್ಕಡಿ ಸ್ಲ್ಯಾಷರ್ ಐದು ಎಕರೆ ಹೊಡೆಯಲು ಸುಮಾರು ಎಂಟು ಗಂಟೆ, ಐದಡಿಯದ್ದು ಆರೂ ಕಾಲು ಗಂಟೆ. ವರ್ಷಕ್ಕೆ ಎರಡು ಮೂರು ಬಾರಿ ಮಾಡುವ ಕೆಲಸದಲ್ಲಿ ಎರಡು ಗಂಟೆ ಉಳಿಸಲು ಲಕ್ಷಗಟ್ಟಲೆ ಸುರಿಯುವುದು ಜಾಣತನವಲ್ಲ.

ಇನ್ನು ಯಾವ ಕರಪತ್ರವೂ ಹೇಳದ ಮಾತು. ನಮ್ಮಲ್ಲಿ ಮಾರುವ ಮಿನಿ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಸಾಲುಗಳ ನಡುವೆ ನುಗ್ಗುವುದಕ್ಕೆ: ಹತ್ತಿ, ಕಬ್ಬು, ದ್ರಾಕ್ಷಿ. ಆದ್ದರಿಂದ ಇಕ್ಕಟ್ಟಾಗಿರುವುದೇ ಅವುಗಳ ಹೆಗ್ಗಳಿಕೆ. ಒಂಬತ್ತು ಅಡಿ ಅಂತರದ ಅಡಿಕೆ ತೋಟಕ್ಕೂ ಅದು ವರವೇ. ಆದರೆ ಅದೇ ಮೂರಡಿ ಅಗಲದ ಗಾಡಿಯನ್ನು ಬ್ಯಾಣದ ಇಳಿಜಾರಿಗೆ ಒಯ್ದರೆ ವರ ಶಾಪವಾಗುತ್ತದೆ. ಹುಲ್ಲಿನಡಿ ಏನಿದೆ ಎಂದು ಮಲೆನಾಡಿನವರಿಗೆ ಗೊತ್ತು: ಹುತ್ತ, ಮುರಕಲ್ಲು, ಕಡಿದ ಮರದ ಮೋಟು, ಹಂದಿ ಕೆದಕಿದ ಗುಂಡಿ. ಅಡ್ಡ ಹೋಗುವಾಗ ಮೇಲಿನ ಚಕ್ರ ನಾಲ್ಕು ಅಂಗುಲದ ಕಲ್ಲು ಹತ್ತಿತು, ಅದೇ ಹೊತ್ತಿಗೆ ಕೆಳಗಿನ ಚಕ್ರ ನಾಲ್ಕು ಅಂಗುಲದ ಗುಂಡಿಗೆ ಇಳಿಯಿತು ಎನ್ನಿ. ಚಕ್ರಗಳ ನಡುವೆ ಮೂರಡಿ ಇದ್ದರೆ ಒಮ್ಮೆಲೇ ಹನ್ನೆರಡೂವರೆ ಡಿಗ್ರಿ ವಾಲುತ್ತದೆ. ನಾಲ್ಕೂವರೆ ಅಡಿ ಇದ್ದರೆ ಎಂಟೂವರೆಯಷ್ಟೇ. ನೆಲದ್ದು 12 ಡಿಗ್ರಿ ಇದ್ದಲ್ಲಿ ಇಕ್ಕಟ್ಟಿನ ಟ್ರ್ಯಾಕ್ಟರ್ ಕ್ಷಣಮಾತ್ರದಲ್ಲಿ ಇಪ್ಪತ್ತನಾಲ್ಕೂವರೆ ಡಿಗ್ರಿಯಲ್ಲಿ ನಿಂತಿರುತ್ತದೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುವುದರಿಂದ ವಾಲಿದಾಗ ಮುಂಚಕ್ರಗಳ ಆಸರೆ ಬೇಗ ಸಿಗುವುದಿಲ್ಲ. ತಡೆದು ನಿಲ್ಲಿಸಬೇಕಾದದ್ದು ಹಿಂದಿನ ಎರಡು ಚಕ್ರಗಳ ನಡುವಿನ ಅಗಲ.

ಆದ್ದರಿಂದ ಕೊಳ್ಳುವ ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆ: ಮುಖ್ಯ ಕೆಲಸ ತೋಟದೊಳಗೋ, ಬ್ಯಾಣದ ಮೇಲೋ? ತೆಂಗಿನ ಸಾಲಿಗೆ 25 ಅಡಿ, ಮಾವಿನ ಸಾಲಿಗೆ 30 ಅಡಿ ಅಂತರವಿರುವಲ್ಲಿ ಇಕ್ಕಟ್ಟಿನ ಗಾಡಿಯ ಹಂಗೇ ಬೇಡ. ಹಿಂದಿನ ಚಕ್ರದ ಡಿಸ್ಕನ್ನು ತಿರುವಿ ಹಾಕಿ ಅಗಲ ಹೆಚ್ಚಿಸಲು ಬರುವ ಮಾದರಿ ಆರಿಸಿ, ಹೆಚ್ಚಿಸಿದರೆ ಎಷ್ಟು ಅಂಗುಲ ಸಿಗುತ್ತದೆ ಎಂದು ಅಳೆದೇ ನೋಡಿ.

ಈ ಪಾಠವನ್ನು ಆಲ್ಪ್ಸ್ ಪರ್ವತದ ರೈತರು ಎಂದೋ ಕಲಿತಿದ್ದಾರೆ. 1883ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಏಬಿ ಕಂಪನಿಯ ಟೆರಾಟ್ರ್ಯಾಕ್, ಆಸ್ಟ್ರಿಯಾದ ರಿಫಾರ್ಮ್ ಕಂಪನಿಯ ಮೆಟ್ರಾಕ್ ಚಿತ್ರ ಸಿಕ್ಕರೆ ಗಮನಿಸಿ. ಗಿಡ್ಡ ದೇಹ, ಸಮ ಗಾತ್ರದ ಅಗಲವಾದ ನಾಲ್ಕು ಚಕ್ರ, ಹುಲ್ಲು ಕತ್ತರಿಸುವ ಸಲಕರಣೆ ಮುಂದೆ. ನೆಲಕ್ಕೆ ಅಂಟಿಕೊಂಡ ಏಡಿಯಂತೆ ಕಾಣುತ್ತವೆ. ಅಮೆರಿಕದಲ್ಲಿ ಸಣ್ಣ ಟ್ರ್ಯಾಕ್ಟರಿನ ಮಾರುಕಟ್ಟೆ ಬೆಳೆದದ್ದು ಜಪಾನಿನಿಂದ: 1969ರಲ್ಲಿ ಕುಬೋಟ ಅಲ್ಲಿಗೆ 21 ಎಚ್‌ಪಿಯ ಎಲ್200 ಒಯ್ದಿತು. ಅಲ್ಲಿನವರು ಅಂಥ ಗಾಡಿಗಳನ್ನು ಹೆಚ್ಚಾಗಿ ಹುಲ್ಲು ಹೊಡೆಯಲೇ ಬಳಸಿದ್ದರಿಂದ ಅಗಲ ಟೈರು, ಹೊಟ್ಟೆಯಡಿಯ ಮೋವರ್, ಕಾಲಿನಲ್ಲೇ ವೇಗ ಹೊಂದಿಸುವ ಹೈಡ್ರೊಸ್ಟಾಟಿಕ್ ಗೇರು ಎಲ್ಲ ರೂಢಿಗೆ ಬಂದವು. ನಮ್ಮ ಶೋರೂಮಿನಲ್ಲಿ ಅಂಥದ್ದು ಸಿಗುವುದು ಅಪರೂಪ. ಇರುವುದರಲ್ಲೇ ಆ ಗುಣಗಳಿಗೆ ಹತ್ತಿರವಾದದ್ದನ್ನು ಹೆಕ್ಕಬೇಕು.

ಫೋರ್‌ವೀಲ್ ಡ್ರೈವ್ ಬೇಕೇ ಎಂಬ ಚರ್ಚೆಯನ್ನು ಜನ ಏರಿನ ಲೆಕ್ಕದಲ್ಲಿ ಮಾಡುತ್ತಾರೆ. ಅದರ ನಿಜವಾದ ಬೆಲೆ ಇಳಿಯುವಾಗ ತಿಳಿಯುತ್ತದೆ. ಮಿನಿ ಟ್ರ್ಯಾಕ್ಟರುಗಳ ಬ್ರೇಕು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದು ಹಿಂಚಕ್ರ ಹಗುರವಾಗುತ್ತದೆ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಫೋರ್‌ವೀಲ್ ಹಾಕಿಕೊಂಡಿದ್ದರೆ ಎಂಜಿನ್ನಿನ ತಡೆ, ಬ್ರೇಕಿನ ತಡೆ ಮುಂಚಕ್ರಕ್ಕೂ ಮುಟ್ಟುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಡುವ ಚಟ ಇರುವವರ ಕೈಗೆ ಕೀಲಿ ಕೊಡಬೇಡಿ.

ಇದಕ್ಕೆ ಹೊಂದಿಕೊಂಡೇ ಇನ್ನೊಂದು ಸೂಕ್ಷ್ಮ. ಸ್ಲ್ಯಾಷರಿನ ಭಾರದ ಬ್ಲೇಡು ವೇಗ ಹಿಡಿದ ಮೇಲೆ ಕೂಡಲೇ ನಿಲ್ಲುವುದಿಲ್ಲ. ಗೇರಿಗೂ ಪಿಟಿಒಗೂ ಒಂದೇ ಕ್ಲಚ್ ಇರುವ ಗಾಡಿಯಲ್ಲಿ ನೀವು ಕ್ಲಚ್ ತುಳಿದರೂ ಆ ಬ್ಲೇಡಿನ ಓಟವೇ ಶಾಫ್ಟಿನ ಮೂಲಕ ಹಿಂತಿರುಗಿ ಚಕ್ರವನ್ನು ಮುಂದಕ್ಕೆ ದೂಡುತ್ತದೆ. ಧರೆಯ ಅಂಚಿನಲ್ಲಿ ಮೂರು ಅಡಿ ಮುಂದೆ ಸರಿದರೆ ಏನಾಗುತ್ತದೆ ಎಂದು ಊಹಿಸಿ. ಪಿಟಿಒಗೆ ಪ್ರತ್ಯೇಕ ಕ್ಲಚ್ ಇರುವ ಗಾಡಿ ಕೊಳ್ಳಿ. ಇಲ್ಲವೇ ಶಾಫ್ಟಿಗೆ ಒಂದೇ ದಿಕ್ಕಿಗೆ ಶಕ್ತಿ ಬಿಡುವ ಓವರ್‌ರನ್ನಿಂಗ್ ಕ್ಲಚ್ ಹಾಕಿಸಿ. ಏನೇ ಇರಲಿ, ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲೇ ತಿರುಗಿಸಿ. ತಿರುಗುವಾಗ ಸ್ಲ್ಯಾಷರನ್ನು ಅನಗತ್ಯವಾಗಿ ಮೇಲೆತ್ತಬೇಡಿ, ಎತ್ತಿದಷ್ಟೂ ಗಾಡಿಯ ಭಾರಕೇಂದ್ರವೂ ಮೇಲಕ್ಕೇರುತ್ತದೆ.

ಮಗುಚದಂತೆ ಕಾಯುವ ಕ್ರಮಗಳಲ್ಲಿ ಅಗ್ಗದ್ದೆಂದರೆ ಟೈರಿಗೆ ನೀರು. ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸಿದರೆ ಭಾರ ನೆಲಕ್ಕೆ ಹತ್ತಿರ ಸೇರುತ್ತದೆ. ಸ್ಲ್ಯಾಷರ್ ಹಿಂದಕ್ಕೆ ಎಳೆಯುವುದರಿಂದ ಏರಿನಲ್ಲಿ ಮೂತಿ ಎದ್ದು ಸ್ಟಿಯರಿಂಗ್ ಹಗುರವಾಗುತ್ತದೆ, ಅದಕ್ಕೆ ಮುಂದೆ ಎರಕದ ತೂಕದ ತುಂಡುಗಳು ಬೇಕು. ಎಲ್ಲಕ್ಕಿಂತ ಮುಖ್ಯ, ಸೀಟಿನ ಹಿಂದೆ ನಿಲ್ಲುವ ರಕ್ಷಣಾ ಕಂಬಿ, ಅಂದರೆ ರಾಪ್ಸ್, ಮತ್ತು ಸೀಟ್ ಬೆಲ್ಟು. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು, ಮಗುಚಿ ಸಾಯುವವರ ಸಂಖ್ಯೆ ಅಲ್ಲಿ ಗಣನೀಯವಾಗಿ ಇಳಿಯಿತು. ನಮ್ಮಲ್ಲಿ ಎಷ್ಟೋ ಮಿನಿ ಟ್ರ್ಯಾಕ್ಟರುಗಳು ಕಂಬಿಯಿಲ್ಲದೆ ಮನೆಗೆ ಬರುತ್ತವೆ. ಬಂದರೂ ಕೊಂಬೆಗೆ ತಾಗುತ್ತದೆಂದು ಬಿಚ್ಚಿ ಕೊಟ್ಟಿಗೆಯಲ್ಲಿ ಒರಗಿಸಿರುತ್ತಾರೆ. ಮಡಚುವ ಕಂಬಿ ಕೇಳಿ. ಕಂಬಿ ಎತ್ತಿದಾಗ ಬೆಲ್ಟ್ ಹಾಕಿ; ಬೆಲ್ಟ್ ಇಲ್ಲದವನು ಕಂಬಿಯ ರಕ್ಷಣೆಯಿಂದ ಹೊರಗೆ ಎಸೆಯಲ್ಪಡುತ್ತಾನೆ.

ಹಾಗಾದರೆ ಯಾವ ಅಳತೆ? ಒಂದೆರಡು ಎಕರೆಯ ಸೌಮ್ಯ ಇಳಿಜಾರು, ತೋಟದ ನಡುವೆಯೂ ಓಡಾಟ ಎಂದಾದರೆ ಸ್ವರಾಜ್ 717, ಮಹೀಂದ್ರ ಯುವರಾಜ್ 215ರಂಥ 15 ಎಚ್‌ಪಿ ಗಾಡಿ, ಮೂರಡಿ ಸ್ಲ್ಯಾಷರ್ ಸಾಕು. ಟೂವೀಲ್ ಡ್ರೈವ್ ಆದ್ದರಿಂದ 10 ಡಿಗ್ರಿ ಮೇಲೆ ಅದಕ್ಕೆ ಕೆಲಸವಿಲ್ಲ. ಅಡಿಕೆ ಸಾಲೂ ಬೇಕು, ಸ್ವಲ್ಪ ಬ್ಯಾಣವೂ ಬೇಕು ಎನ್ನುವವರು ಕುಬೋಟ ನಿಯೋಸ್ಟಾರ್ ಎ211ರಂಥ 21 ಎಚ್‌ಪಿ ಫೋರ್‌ವೀಲ್ ನೋಡಬಹುದು. ನಾಲ್ಕೈದು ಎಕರೆಯಿಂದ ಮೇಲೆ, 10–15 ಡಿಗ್ರಿ ಓರೆ ಇರುವ ಹುಲ್ಲುಗಾವಲಿಗೆ ನನ್ನ ಮತ 24ರಿಂದ 28 ಎಚ್‌ಪಿ ನಡುವಿನ ಫೋರ್‌ವೀಲ್‌ಗೆ: ಮಹೀಂದ್ರ ಜೀವೋ 245, ಕುಬೋಟ ಬಿ2741, ಜಾನ್ ಡಿಯರ್ 3028ರ ವರ್ಗ. ಚಕ್ರದ ಅಂತರವನ್ನು ಗರಿಷ್ಠಕ್ಕೆ ಹಿಗ್ಗಿಸಿ, ನಾಲ್ಕಡಿ ಸ್ಲ್ಯಾಷರ್ ಕಟ್ಟಿ. ಕಲ್ಲು ಜಾಸ್ತಿಯಿದ್ದರೆ, ಪಕ್ಕದಲ್ಲಿ ಮನೆ ರಸ್ತೆಯಿದ್ದರೆ ಸ್ಲ್ಯಾಷರ್ ಬದಲು ಸಣ್ಣ ಬ್ಲೇಡುಗಳ ಮಲ್ಚರ್ ಒಳ್ಳೆಯದು. ಅದು ಕಲ್ಲು ಎಸೆಯುವುದು ಕಡಿಮೆ, ಆದರೆ ಶಕ್ತಿ ಹೆಚ್ಚು ಕೇಳುತ್ತದೆ, ಆಗ ಅಗಲ ಒಂದಡಿ ಇಳಿಸಬೇಕು. 15 ಎಕರೆ ಇದ್ದರೂ ಇದೇ ಗಾಡಿ, ಎರಡು ದಿನ ಹೆಚ್ಚು ಓಡಲಿ.

ಮುಂಗಡ ಕೊಡುವ ಮೊದಲು ಸ್ಲ್ಯಾಷರ್ ಸಮೇತ ನಿಮ್ಮ ಜಮೀನಿನಲ್ಲೇ ಡೆಮೊ ಕೇಳಿ, ನೀವು ಅಳೆದು ಗುರುತು ಹಾಕಿದ 12 ಡಿಗ್ರಿಯ ಜಾಗದಲ್ಲಿ. ನಿಮ್ಮ ಊರಿಗೆ ಗಾಡಿ ತರಲು ಒಪ್ಪದವರು ಕೆಟ್ಟಾಗ ಮೆಕ್ಯಾನಿಕ್ಕನ್ನೂ ಕಳಿಸುವುದಿಲ್ಲ. ದೊಡ್ಡ ಗಾಡಿ ಬಿಟ್ಟು ಉಳಿಸಿದ ಹಣದಲ್ಲಿ ರಾಪ್ಸ್, ಮುಂದಿನ ತೂಕ, ಓವರ್‌ರನ್ನಿಂಗ್ ಕ್ಲಚ್, ಜೊತೆಗೊಂದು ಒಳ್ಳೆಯ ಬ್ರಷ್ ಕಟರ್ ಎಲ್ಲ ಬರುತ್ತವೆ. ಇಳಿಜಾರಿನವರು ಹಣ ಹಾಕಬೇಕಾದದ್ದು ಅಲ್ಲೇ.