ಮರದಲ್ಲಿ ಹಣ್ಣು, ಮರದ ಮೇಲೆ ಹಕ್ಕಿ

ತಗಡೂರೆಂದರೆ ನಂಜನಗೂಡು ಸೀಮೆಯ ಹಿರಿಯರಿಗೆ ಖಾದಿಯ ನೆನಪು, ತಗಡೂರು ರಾಮಚಂದ್ರರಾಯರ ನೆನಪು. ಈಚೆಗೆ ನಾನು ಅಲ್ಲಿಗೆ ಹೋದದ್ದು ಮಾತ್ರ ನೆಂಟರ ಮನೆಯ ಊಟಕ್ಕೆ. ಊಟವಾದ ಮೇಲೆ ಆ ಮನೆಯ ಹುಡುಗ ತನ್ನ ಇಂಗ್ಲಿಷ್ ನೋಟುಬುಕ್ಕನ್ನು ತಂದು ಮುಂದಿಟ್ಟ. “ಮಾವ, ಇದ್ಯಾಕೆ ತಪ್ಪು?” ಹಕ್ಕಿ ಮರದ ಮೇಲಿದೆ ಎಂಬುದಕ್ಕೆ ‘ಆನ್ ದಿ ಟ್ರೀ’ ಎಂದೂ ಹಣ್ಣು ಮರದಲ್ಲಿದೆ ಎಂಬುದಕ್ಕೆ ‘ಇನ್ ದಿ ಟ್ರೀ’ ಎಂದೂ ಬರೆದಿದ್ದ. ಎರಡಕ್ಕೂ ಕೆಂಪು ಗೀಟು. ತನಗೆ ಇಂಗ್ಲಿಷ್ ಹತ್ತುವುದಿಲ್ಲವೆಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ.

ದಡ್ಡತನ ಅವನದಲ್ಲ, ಅವನು ನಂಬಿದ ಕೈಪಿಡಿಯದು. ಪೇಟೆಯಲ್ಲಿ ಅಂಥವು ಬೇಕಾದಷ್ಟು ಸಿಗುತ್ತವೆ. ‘ಇನ್’ ಎಂದರೆ ಅಲ್ಲಿ, ‘ಆನ್’ ಎಂದರೆ ಮೇಲೆ, ‘ಬೈ’ ಎಂದರೆ ಇಂದ: ಹೀಗೆ ಒಂದಕ್ಕೊಂದು ಗಂಟುಹಾಕಿದ ಪಟ್ಟಿ. ಇಡೀ ಪ್ರಿಪೊಸಿಷನ್ ವರ್ಗಕ್ಕೆ ‘ಉಪಸರ್ಗ’ವೆಂದು ನಾಮಕರಣ. ಸಂಸ್ಕೃತದಲ್ಲಿ ಧಾತುವಿನ ಹಿಂದೆ ಅಂಟುವ ಪ್ರ, ಪರಾಗಳೇ ಬೇರೆ, ಇವೇ ಬೇರೆ. ಆ ಜಗಳ ಹಾಗಿರಲಿ.

ಕೊಂಬೆಗೆ ತಗುಲಿ ನಿಂತ ಹಣ್ಣಿಗೆ ‘ಆನ್’, ಎಲೆ ರೆಂಬೆಗಳ ನಡುವೆ ಕುಳಿತ ಹಕ್ಕಿಗೆ ‘ಇನ್’ ಎಂಬುದು ಇಂಗ್ಲಿಷಿನ ನೋಟ. ಕನ್ನಡ ಇದನ್ನು ತಿರುವುಮುರುವಾಗಿ ಕಾಣುತ್ತದೆ. ನನಗೆ ತೋರುವಂತೆ, ಹಣ್ಣು ಮರದ್ದೇ ಆದ್ದರಿಂದ ಅದು ಮರದಲ್ಲಿ. ಹಕ್ಕಿ ಎಲ್ಲಿಂದಲೋ ಬಂದು ಕುಳಿತದ್ದು, ಆದ್ದರಿಂದ ಮೇಲೆ. ನಂಜನಗೂಡಿನ ಬಸ್ಸಿನೊಳಗೆ ಸೀಟು ಹಿಡಿದು ಕುಳಿತವನೂ ಇಂಗ್ಲಿಷಿನಲ್ಲಿ ‘ಆನ್ ದಿ ಬಸ್’. ಕಾರು ಹತ್ತಿದರೆ ‘ಇನ್’. ಐದು ಗಂಟೆಗೆ ‘ಅಟ್’, ಸೋಮವಾರಕ್ಕೆ ‘ಆನ್’, ಜನವರಿಗೆ ‘ಇನ್’. ನಾವೋ, ‘ಸೋಮವಾರ ಬರುತ್ತೇನೆ’ ಎಂದು ಯಾವ ಪ್ರತ್ಯಯವೂ ಇಲ್ಲದೆ ಹೇಳಿ ಮುಗಿಸುತ್ತೇವೆ. ‘ಅವನಿಗೆ ಜ್ವರ’ ಎನ್ನುವಾಗಿನ ನಮ್ಮ ಚತುರ್ಥಿಗೆ ಅಲ್ಲಿ ಎಡೆಯೇ ಇಲ್ಲ. ಪದಕ್ಕೆ ಪದ ಕೊಡುವ ಪಟ್ಟಿ ಇದನ್ನು ಹೇಗೆ ಕಲಿಸೀತು? ಇಡೀ ವಾಕ್ಯವೇ ಕಿವಿಗೆ ಬೀಳಬೇಕು, ಬಾಯಲ್ಲಿ ಆಡಬೇಕು.

ಒಂದು ಭಾಷೆಯನ್ನು ಮತ್ತೊಂದರ ಅಚ್ಚಿಗೆ ಸುರಿಯುವ ಚಟ ನಮಗೆ ಹೊಸದಲ್ಲ. ಸಂಸ್ಕೃತದಂತೆ ಏಳು ವಿಭಕ್ತಿ ಇರಲೇಬೇಕೆಂದು ಶಾಲಾ ವ್ಯಾಕರಣಗಳು ಪಂಚಮಿಗೆ ‘ದೆಸೆಯಿಂದ’ ಎಂದು ಉರುಹೊಡೆಸಿದವು, ನಾನೂ ಉರುಹೊಡೆಸಿದ್ದೇನೆ. ತಗಡೂರಿನಲ್ಲಿ ಯಾರೂ ಮರದ ದೆಸೆಯಿಂದ ಹಣ್ಣು ಕೀಳುವುದಿಲ್ಲ. ಡಿ. ಎನ್. ಶಂಕರ ಭಟ್ಟರು ಈ ಅಚ್ಚಿನ ವಿರುದ್ಧ ವಾದಿಸಿದಾಗ ಪಂಡಿತರು ಮುನಿದರು. ಅವರ ಎಲ್ಲ ಮಾತನ್ನೂ ನಾನು ಒಪ್ಪಲಾರೆ. ಈ ಮಾತನ್ನು ಒಪ್ಪದಿರಲಾರೆ.

ಕೈಪಿಡಿಯ ಹಾನಿ ಇಂಗ್ಲಿಷಿಗೇ ನಿಂತಿದ್ದರೆ ಕನ್ನಡ ಮೇಷ್ಟರಾದ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ‘ಮಳೆಯನ್ನು ಅವಲಂಬಿಸಿದ ಬೆಳೆ’ ಈಗ ‘ಮಳೆಯ ಮೇಲೆ ಅವಲಂಬಿತ’ವಾಗಿದೆ. ಸಾಹಿತ್ಯವನ್ನು ಕುರಿತು ಮಾತನಾಡುತ್ತಿದ್ದವರು ಸಾಹಿತ್ಯದ ಮೇಲೆ ಉಪನ್ಯಾಸ ಕೊಡುತ್ತಿದ್ದಾರೆ. ಹುಡುಗ ಕನ್ನಡದಿಂದ ಇಂಗ್ಲಿಷಿಗೆ ಮಾಡಿದ ತಪ್ಪನ್ನೇ ನಾವು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದೇವೆ. ನಮಗೆ ಕೆಂಪು ಗೀಟು ಎಳೆಯುವವರಿಲ್ಲ, ಅಷ್ಟೆ. ಅನುಮಾನವಿದ್ದವರು ಇಂದಿನ ಪತ್ರಿಕೆಯ ಉಳಿದ ಪುಟಗಳನ್ನು ತಿರುವಿ ನೋಡಬಹುದು.